ಸುಗ್ಗಿ ಕುಣಿತಕ್ಕೆ ಕ್ಯಾಮೆರಾ, ಸುಗ್ಗಿ ಕೂಲಿಗೆ?

ಮುರ್ಡೇಶ್ವರದಲ್ಲಿ ಕ್ಯಾಮೆರಾಕ್ಕೆ ಬರಗಾಲವಿಲ್ಲ. 123 ಅಡಿ ಶಿವನ ಎದುರು ದಿನವಿಡೀ ಫೋಟೋ. ಆದರೆ ದೀಪಾವಳಿ ಆಸುಪಾಸಿನಲ್ಲಿ ಮಾವಳ್ಳಿ, ಬೈಲೂರು ಕಡೆ ಗದ್ದೆಯಲ್ಲಿ ಕತ್ತಿ ಹಿಡಿದು ಬಗ್ಗಿದ ಹೆಂಗಸರ ಕಡೆ ಎಷ್ಟು ಕ್ಯಾಮೆರಾ ತಿರುಗಿವೆ ಸ್ವಾಮಿ?

ಸಾಕ್ಷ್ಯಚಿತ್ರದವರು ನಮ್ಮ ಜಿಲ್ಲೆಗೆ ಬರದೆ ಇಲ್ಲ. ಹೋಳಿ ಹುಣ್ಣಿಮೆಗೆ ಬರ್ತಾರೆ. ತುರಾಯಿ ಕಟ್ಟಿದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ತೆಗೆದುಕೊಂಡು ಹೋಗ್ತಾರೆ. ತಪ್ಪಲ್ಲ. ಆದರೆ ಕುಣಿತಕ್ಕೆ ಮೊದಲು ಕೊಯ್ಲು ಇದೆ. ಕೂಲಿ ಎಷ್ಟು, ಗದ್ದೆ ಯಾರದ್ದು, ಅಡಿಕೆ ಕೊನೆ ಇಳಿಸುವವನು ಮರದಿಂದ ಬಿದ್ದರೆ ಮನೆಯವರ ಗತಿ ಏನು? ಇದನ್ನು ಕೇಳುವವರು ಕಡಿಮೆ.

ಅಮೆರಿಕದಲ್ಲಿ 1960ರಲ್ಲೇ ‘ಹಾರ್ವೆಸ್ಟ್ ಆಫ್ ಶೇಮ್’ ಎಂಬ ಚಿತ್ರ ಟಿ.ವಿ.ಯಲ್ಲಿ ಬಂತು. ಊರೂರು ಅಲೆದು ಫಸಲು ಕೊಯ್ಯುವವರ ಕೂಲಿ, ಬಿಡಾರ, ಬಡತನವನ್ನು ತೋರಿಸಿತು. ತೋರಿಸಿದ್ದು ಯಾವತ್ತು? ಅಲ್ಲಿನ ಸುಗ್ಗಿ ಹಬ್ಬದ ಮರುದಿನ, ಜನ ಹೊಟ್ಟೆ ತುಂಬ ಉಂಡು ಕೂತಿದ್ದಾಗ!

ನಮ್ಮಲ್ಲಿ ಹಾಲಕ್ಕಿ ಹಾಡಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು, ಹೆಸರು ಉಳಿಯಿತು. ಹೆಸರಿಲ್ಲದ ಕೊಯ್ಲಿನವರದ್ದು? ಗದ್ದೆಗೆ ಯಂತ್ರ ಇಳಿದಾಗಿದೆ. ಕತ್ತಿ ಹಿಡಿದವರು ಇರುವಾಗಲೇ ಅವರ ಬಾಯಲ್ಲೇ ಅವರ ಕತೆ ಚಿತ್ರವಾಗಲಿ. ಬೆಂಗಳೂರಿಗೆ ಒಯ್ಯುವ ಮೊದಲು ಅವರ ಕೇರಿಯ ಶಾಲೆ ಗೋಡೆ ಮೇಲೆ ತೋರಿಸಲಿ. ಸುಳ್ಳಿದ್ದರೆ ಅವರೇ ಎದ್ದು ಹೇಳ್ತಾರೆ.