ಗೋಡೆಯ ಎರಡು ಬದಿಯ ಹುಲ್ಲು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳಿಗೆ ವಿಜ್ಞಾನ ಬಂದು ಒಂದೂವರೆ ದಶಕ ಮೀರಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ ನಾಲ್ಕು ಸಾವಿರ ಎಕರೆಗೂ ಮಿಕ್ಕಿ, ಬಾರ್ಕ್‌ಗೆ ಸಾವಿರದ ಎಂಟುನೂರರ ಆಸುಪಾಸು, ಇಸ್ರೊಗೆ 573 ಎಕರೆ. ಬಹುಪಾಲು ಅಮೃತಮಹಲ್ ಕಾವಲಿನ ನೆಲವೇ. ಡಿಆರ್‌ಡಿಒದ ವಿಮಾನ ಪರೀಕ್ಷಾ ತಾಣ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೊದ ರೆಕ್ಕೆಯ ಮರುಬಳಕೆ ವಾಹನ ಅದೇ ರನ್‌ವೇಯಲ್ಲಿ ತಾನಾಗಿ ಬಂದಿಳಿಯಿತು. ಚಂದ್ರಯಾನಕ್ಕೆ ತಾಲೀಮು ಬೇಕೆಂದು ಉಳ್ಳಾರ್ತಿಯಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನೂ ತೋಡಿದ್ದರು. ಇದೆಲ್ಲ ನಮ್ಮ ಜಿಲ್ಲೆಯಲ್ಲಿ ಆಯಿತೆಂಬ ಹೆಮ್ಮೆ ನನಗೂ ಇದೆ. ನನ್ನ ತಕರಾರು ಬೇರೆ. ಇಷ್ಟೊಂದು ವಿಜ್ಞಾನ ಕಾವಲಿನ ಮೇಲೆ ಕೂತಿರುವಾಗ ಕಾವಲಿನ ಬಗ್ಗೆಯೇ ಒಂದಿಷ್ಟು ವಿಜ್ಞಾನ ಬೇಡವೇ?

ಮರ ಕಾಣದ ನೆಲವೆಲ್ಲ ಸರ್ಕಾರಿ ಕಣ್ಣಿಗೆ ಪಾಳುಭೂಮಿ. ಒಂದೋ ಯಾರಿಗಾದರೂ ಮಂಜೂರು ಮಾಡು, ಇಲ್ಲವೇ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟು 'ಹಸಿರು' ಮಾಡು. ಆದರೆ ಕಾವಲು ಯಾವತ್ತೂ ಪಾಳು ಬಿದ್ದಿರಲಿಲ್ಲ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯ ಕಾಲದಿಂದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ ಮೇಲೂ, ಫಿರಂಗಿ ಎಳೆಯುವ ದನ ಬೆಳೆದದ್ದು ಈ ಹುಲ್ಲಿನ ಮೇಲೆ. ಮ್ಯಾಸಬೇಡರ ದೇವರ ಎತ್ತು, ಕಾಡುಗೊಲ್ಲರ ಹಿಂಡು, ಕುರುಬರ ಕುರಿ, ಕಂಬಳಿ ಮಗ್ಗ ಎಲ್ಲಕ್ಕೂ ಇದೇ ಆಧಾರ. ಈ ಸಂಸ್ಥೆಗಳ ಗೋಡೆ ಎದ್ದಾಗ ಜನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದು ಸುಮ್ಮನೆ ಅಲ್ಲ.

ಹುಲ್ಲಿನ ಕಸುಬು ತಿಳಿಯಬೇಕಿದ್ದರೆ ಕಾರ್ತಿಕದ ಬಿಸಿಲಲ್ಲಿ ಕಾವಲಿಗೆ ಹೋಗಿ ಬನ್ನಿ. ಪಂಚೆಯ ಅಂಚಿಗೆ ಕಂದು ಬಣ್ಣದ ಚೂಪು ಬೀಜಗಳು ಚುಚ್ಚಿಕೊಂಡಿರುತ್ತವೆ. ಶಾಪ ಹಾಕುತ್ತಾ ಕೀಳುವ ಬದಲು ಒಂದನ್ನು ಅಂಗೈಯಲ್ಲಿಟ್ಟು ನೋಡಿ. ಬೀಜದ ಹಿಂದೆ ಹಗ್ಗದಂತೆ ಹುರಿಗೊಂಡ ಉದ್ದ ಬಾಲವಿದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಹುರಿ ಬಿಚ್ಚುತ್ತಾ ಬಾಲ ನಿಧಾನಕ್ಕೆ ತಿರುಗತೊಡಗುತ್ತದೆ, ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಇಬ್ಬನಿ ಬಿದ್ದಾಗ ಒಂದು ಸುತ್ತು, ಬಿಸಿಲೇರಿದಾಗ ಇನ್ನೊಂದು ಸುತ್ತು, ಹೀಗೆ ಬೈರಿಗೆಯಂತೆ ನೆಲ ಕೊರೆದು ಬೀಜ ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಹಿಂದಕ್ಕೆ ಬಾಗಿದ ಮುಳ್ಳುರೋಮ ಇರುವುದರಿಂದ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಬೆಂಕಿ ಹರಿದುಹೋದರೂ ಮಣ್ಣಿನೊಳಗಿನ ಬೀಜ ಉಳಿಯುತ್ತದೆ. ಇಂಥ ನೆಲವನ್ನು ನಾವು ಪಾಳು ಎಂದೆವು.

ವಿಜ್ಞಾನ ಸಂಸ್ಥೆಗೆ ಹುಲ್ಲಿನ ಬೆಲೆ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಾಧವ ಗಾಡ್ಗೀಳರು 1983ರಲ್ಲಿ ಅಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ ದೇಶದಲ್ಲೇ ಮೇಲ್ಪಂಕ್ತಿಯದು. ಅದರ ಸಂಶೋಧಕರು ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ಹುಲ್ಲುಗಾವಲಿನ ಕೆಲವು ತುಂಡುಗಳಿಗೆ ಬೇಲಿ ಹಾಕಿ, ಪಕ್ಕದ ತುಂಡುಗಳನ್ನು ಮೇಯಲು ಬಿಟ್ಟು, 16 ವರ್ಷ ಮಣ್ಣು ಅಳೆದರು. 2022ರಲ್ಲಿ ಪ್ರಕಟವಾದ ಫಲಿತಾಂಶ ಬೇಲಿ ಹಾಕುವುದೇ ಸಂರಕ್ಷಣೆ ಎಂದುಕೊಂಡವರನ್ನು ಯೋಚನೆಗೆ ಹಚ್ಚುವಂಥದು: ಮೇಯಿಸದೆ ಬಿಟ್ಟ ಕಡೆ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಶೇ 30ರಿಂದ 40ರಷ್ಟು ಹೆಚ್ಚು ಏರುಪೇರಾಗುತ್ತಿತ್ತು. ಅಂದರೆ ಅಲ್ಲಿ ಮೇಯುವ ಪ್ರಾಣಿಯೇ ನೆಲವನ್ನು ಹದದಲ್ಲಿಟ್ಟಿತ್ತು. ಅದೇ ಕೇಂದ್ರದವರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಲ್ಕೆವಾಡಿಯಲ್ಲಿ ಗಾಳಿಯಂತ್ರಗಳ ಕೆಳಗೆ ಕೂತು ಲೆಕ್ಕ ಹಾಕಿ 2018ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಯಂತ್ರಗಳಿರುವ ಕಡೆ ಬೇಟೆಯ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಹದ್ದಿನ ಭಯವಿಲ್ಲದ್ದರಿಂದ ಓತಿಕ್ಯಾತಗಳ ಸಂಖ್ಯೆ ಏರಿತ್ತು. ಮನುಷ್ಯ ಹತ್ತಿರ ಬಂದರೂ ಅವು ಬೇಗ ಓಡುತ್ತಿರಲಿಲ್ಲ, ಗಂಡಿನ ಗಂಟಲಿನ ಬಣ್ಣ ಕೂಡ ಮಂಕಾಗಿತ್ತು.

ಗಾಳಿಯಂತ್ರ ನೋಡಲು ದುರ್ಗದವರು ಸಾತಾರಾಕ್ಕೆ ಹೋಗಬೇಕಿಲ್ಲ. ಚಂದ್ರವಳ್ಳಿಯಿಂದ ಮೇಲೆ ಕಣ್ಣು ಹಾಯಿಸಿದರೆ ಜೋಗಿಮಟ್ಟಿಯ ಸಾಲಿನುದ್ದಕ್ಕೂ ಫ್ಯಾನುಗಳು ತಿರುಗುತ್ತಿವೆ. ಜೋಗಿಮಟ್ಟಿ ಈಗ ವನ್ಯಜೀವಿಧಾಮವೂ ಹೌದು. ಆ ಫ್ಯಾನುಗಳ ಕೆಳಗೆ ನಮ್ಮ ಓತಿಕ್ಯಾತಗಳು ಏನು ಮಾಡುತ್ತಿವೆ? ಇದು ಹಾಸ್ಯದ ಪ್ರಶ್ನೆಯಲ್ಲ, ಎಂಎಸ್ಸಿ ಓದುವ ಹುಡುಗಿಯೊಬ್ಬಳಿಗೆ ನಾಲ್ಕು ತಿಂಗಳ ಪ್ರಾಜೆಕ್ಟ್.

ಕುದಾಪುರದ ಕಾಂಪೌಂಡ್ ಗೋಡೆಯನ್ನು ನಾನು ನೋಡುವುದು ಈ ಕಣ್ಣಿನಿಂದ. ಅದನ್ನು ಕಟ್ಟಿದ್ದು ಬೇರೆ ಕಾರಣಕ್ಕೆ, ಅದರಿಂದ ಕುರಿಗಾಹಿಗಳಿಗೆ ಆದ ನಷ್ಟದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ಕಟ್ಟಿದ್ದಾಗಿದೆ. ಗೋಡೆಯೊಳಗೆ ಮೇಯದ ಹುಲ್ಲು, ಹೊರಗೆ ಮೇಯುವ ಹುಲ್ಲು, ಎರಡಕ್ಕೂ ಒಂದೇ ಮಣ್ಣು, ಒಂದೇ ಮಳೆ. ಸ್ಪಿತಿಯಲ್ಲಿ ದುಡ್ಡು ಹಾಕಿ ಮಾಡಿಕೊಂಡ ಪ್ರಯೋಗ ಇಲ್ಲಿ ಪುಕ್ಕಟೆ ಸಿಕ್ಕಿದೆ. ಬೇಕಿರುವುದು ಕಬ್ಬಿಣದ ಸರಳಿನಿಂದ ಮಾಡಿದ ಒಂದು ಮೀಟರ್ ಚೌಕಟ್ಟು. ಅದನ್ನು ಗುರುತು ಮಾಡಿದ ಜಾಗದಲ್ಲಿ ಇಡುವುದು, ಒಳಗೆ ಬಿದ್ದದ್ದರಲ್ಲಿ ಗರಿಕೆ ಎಷ್ಟು, ಹಂಚಿ ಎಷ್ಟು, ಬಳ್ಳಾರಿ ಜಾಲಿಯ ಸಸಿ ಎಷ್ಟು ಎಂದು ಎಣಿಸುವುದು, ಕತ್ತರಿಸಿ ಒಲೆಯಲ್ಲಿ ಒಣಗಿಸಿ ತೂಗುವುದು, ಒಂದು ಕೊಳವೆ ಮಣ್ಣು ತೆಗೆದು ಚೀಟಿ ಅಂಟಿಸಿ ಇಡುವುದು. ಮುಂದಿನ ವರ್ಷ ಅದೇ ವಾರ ಮತ್ತೆ ಅದೇ ಕೆಲಸ.

ಕಷ್ಟವಿರುವುದು 'ಮುಂದಿನ ವರ್ಷ' ಎಂಬಲ್ಲಿ. ನಮ್ಮ ಸಂಶೋಧನೆಗಳೆಲ್ಲ ಮೂರು ವರ್ಷದ ಅನುದಾನದವು. ಮೂರು ವರ್ಷದಲ್ಲಿ ಈ ಸೀಮೆ ತನ್ನ ಗುಟ್ಟು ಬಿಡುವುದಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಭದ್ರೆಯ ನೀರಿನ ಪಾಲು ಅದರಲ್ಲಿದೆ, ಇರಲಿ. 2017ರಲ್ಲಿ ಪಿಎಚ್‌ಡಿಗೆ ಸೇರಿದವನು ತಳ ಕಂಡ ಜಲಾಶಯದ ಮೇಲೆ ಪ್ರಬಂಧ ಬರೆಯುತ್ತಿದ್ದ, 2022ರಲ್ಲಿ ಸೇರಿದವಳು ತುಂಬಿ ಹರಿವ ಜಲಾಶಯದ ಮೇಲೆ ಬರೆಯುತ್ತಿದ್ದಳು. ಇಬ್ಬರಿಗೂ ಡಾಕ್ಟರೇಟು ಸಿಗುತ್ತಿತ್ತು, ಮಾರಿಕಣಿವೆ ಮಾತ್ರ ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಏಳು ಎಕರೆಯಷ್ಟು ಹುಲ್ಲುಬಯಲಿದೆ. 1856ರಿಂದ ವರ್ಷ ತಪ್ಪದೆ ಅದರ ಹುಲ್ಲು ಕೊಯ್ದು ತೂಗುತ್ತಾ, ಮಾದರಿ ಕಟ್ಟಿಡುತ್ತಾ ಬಂದಿದ್ದಾರೆ. ಯಾವ ಗೊಬ್ಬರಕ್ಕೆ ಎಷ್ಟು ಹುಲ್ಲು ಎಂದು ತಿಳಿಯಲು ಹೊರಟ ಕೆಲಸ. ನೂರು ವರ್ಷ ಮೀರಿದ ಬಳಿಕ ಬಂದ ರಸಾಯನ ವಿಜ್ಞಾನಿಗಳು ಅಲ್ಲಿ ಕಾಪಿಟ್ಟ ಹಳೆಯ ಹುಲ್ಲಿನಲ್ಲಿ ಕೈಗಾರಿಕೆಯ ಡಯಾಕ್ಸಿನ್ ವಿಷವನ್ನೂ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಜಾಡನ್ನೂ ಪತ್ತೆ ಮಾಡಿದರು. ಆರಂಭಿಸಿದವರಿಗೆ ಆ ಪ್ರಶ್ನೆಗಳು ಕನಸಿನಲ್ಲೂ ಬಂದಿರಲಿಕ್ಕಿಲ್ಲ. ನಮ್ಮಲ್ಲಿ ಅಣು ಸಂಶೋಧನೆಯ ಬಾರ್ಕ್‌ನ ಗೋಡೆ ಪಕ್ಕದಲ್ಲೇ ಇದೆ. ಇವತ್ತಿನ ಹುಲ್ಲನ್ನು ಕಟ್ಟಿಟ್ಟರೆ ಮುಂದೆ ಅನುಮಾನ ಎದ್ದಾಗ ಎರಡೂ ಕಡೆಯವರಿಗೆ ಸಾಕ್ಷಿಯಾಗುತ್ತದೆ. ಸಂಸ್ಥೆಗಳಿಗೂ ಇದರಿಂದ ಲಾಭವೇ.

ನೆಲವನ್ನು ಪದರ ಪದರವಾಗಿ ಓದುವುದು ಈ ಊರಿಗೆ ಹೊಸದೇನಲ್ಲ. 1929ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯ ಮಣ್ಣು ಬಗೆದದ್ದರಿಂದ ಸಾತವಾಹನರ ನಾಣ್ಯ, ರೋಮಿನ ಬೆಳ್ಳಿ ನಮ್ಮ ಕೈಗೆ ಬಂದವು; ಮಯೂರಶರ್ಮ ಕಟ್ಟಿಸಿದ ಕೆರೆಯ ಶಾಸನವೂ ಅಲ್ಲೇ ಇದೆ. ಅದೇ ಕೆರೆಯ ಜಲಾನಯನದ ಗುಡ್ಡದಲ್ಲಿ ಐವತ್ತು ವರ್ಷದ ಹಿಂದೆ ಯಾವ ಹುಲ್ಲು ಎಷ್ಟು ಬೆಳೆಯುತ್ತಿತ್ತು ಎಂದು ಕೇಳಿದರೆ ತೆರೆದು ತೋರಿಸಲು ಯಾವ ವಹಿ ಇದೆ?

ಇಂಥ ವಹಿ ಬರೆದಿಡಲು ಒಂದು ಕೇಂದ್ರ ಬೇಕು. ಕೇಂದ್ರ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಟ್ಟಡ. ಗುದ್ದಲಿಪೂಜೆ, ಶಿಲಾಫಲಕ, ಹವಾನಿಯಂತ್ರಿತ ಸಭಾಂಗಣ, ಆಮೇಲೆ ಉಪಕರಣಕ್ಕೆ ದುಡ್ಡಿಲ್ಲ. ನಾನು ಕೇಳುತ್ತಿರುವುದಕ್ಕೆ ಎರಡು ಕೋಣೆಯ ಶೆಡ್ಡು ಸಾಕು: ಒಣಗಿಸುವ ಒಲೆ, ತಕ್ಕಡಿ, ಮಳೆಮಾಪಕ, ಇಲಿ ಹೊಗದ ಕಪಾಟು. ಗುಡ್ಡದರಂಗವ್ವನಹಳ್ಳಿಯ ಜ್ಞಾನಗಂಗೋತ್ರಿಯಲ್ಲಿ ದಾವಣಗೆರೆ ವಿವಿಯ ಸ್ನಾತಕೋತ್ತರ ಕೇಂದ್ರವಿದೆ, ನಗರದಲ್ಲಿ ಸರ್ಕಾರಿ ವಿಜ್ಞಾನ ಕಾಲೇಜಿದೆ, ಮಣ್ಣು ಪರೀಕ್ಷೆಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ. ಬೇಲಿಯೊಳಗೆ ನೂರು ಎಕರೆ ಹುಲ್ಲನ್ನು ಕಟ್ಟಡದಿಂದ ಮುಕ್ತವಾಗಿ ಇಡುತ್ತೇವೆಂದು ವಿಜ್ಞಾನ ಸಂಸ್ಥೆ ಬರೆದುಕೊಟ್ಟು, ಮಕ್ಕಳನ್ನು ಒಳಗೆ ಬಿಟ್ಟರೆ ಕೆಲಸ ಆರಂಭಿಸಬಹುದು.

ಮೊದಲ ನೇಮಕಾತಿ ಮಾತ್ರ ಪ್ರಾಧ್ಯಾಪಕರದ್ದಾಗಬಾರದು. ದೇವರ ಎತ್ತು ಕಾಯ್ದ ಕಿಲಾರಿಯೊಬ್ಬರನ್ನು ತಿಂಗಳ ಸಂಬಳಕ್ಕೆ ತೆಗೆದುಕೊಳ್ಳಬೇಕು. ಮೊಳಕೆ ಒಡೆಯುವಾಗಲೇ ಹುಲ್ಲಿನ ಜಾತಿ ಗುರುತಿಸುವವರು, ಯಾವುದಕ್ಕೆ ದನ ಮೊದಲು ಬಾಯಿ ಹಾಕಿ ಯಾವುದನ್ನು ಮೂಸಿ ಬಿಡುತ್ತದೆ ಎಂದು ಬಲ್ಲವರು ಅವರು. ಎರೆಭೂತ ಹಕ್ಕಿ ಕೊನೆಯ ಬಾರಿ ಎಲ್ಲಿ ಕಂಡಿತ್ತೆಂದು ಅವರ ಅಪ್ಪನಿಗೆ ನೆನಪಿದ್ದರೂ ಇರಬಹುದು. ಪ್ರಾಧ್ಯಾಪಕರು ವರ್ಗವಾಗಿ ಹೋಗುತ್ತಾರೆ, ಅನುದಾನ ಮುಗಿಯುತ್ತದೆ, ವಿದ್ಯಾರ್ಥಿ ಬೆಂಗಳೂರು ಸೇರುತ್ತಾಳೆ, ಊರಿನವರು ಊರಲ್ಲೇ ಇರುತ್ತಾರೆ. ಮುಂಗಾರಿಗೆ ಮುಂಚೆ ಗೋಡೆಯ ಎರಡೂ ಬದಿ ಇಪ್ಪತ್ತಿಪ್ಪತ್ತು ಗೂಟ ಹೊಡೆದರೆ ದೀಪಾವಳಿ ಹೊತ್ತಿಗೆ ಮೊದಲ ಕೊಯ್ಲಿನ ತೂಕ ಪುಸ್ತಕಕ್ಕೆ ಏರುತ್ತದೆ.