ಮೀನುಮರಿ ಕೊಳ್ಳುವಾಗ ಉದ್ದ ಕೇಳಿ



ಎರಡೆಲೆಯ ಟೊಮ್ಯಾಟೊ ಸಸಿಯನ್ನು ನಮ್ಮ ಅನುಗೊಂಡನಹಳ್ಳಿ ಹೋಬಳಿಯಲ್ಲಿ ಯಾರೂ ನಾಟಿಗೆ ಕೊಳ್ಳುವುದಿಲ್ಲ. ಕಾಂಡ ಬಲಿತಿದೆಯೇ, ಬೇರು ಹಿಡಿದಿದೆಯೇ ಎಂದು ನೋಡಿಯೇ ಹಣ ಕೊಡುತ್ತೀರಿ. ಕೃಷಿ ಹೊಂಡಕ್ಕೋ ಊರ ಕೆರೆಗೋ ಮೀನುಮರಿ ಬಿಡುವಾಗ ಮಾತ್ರ ‘ಎಷ್ಟು ಸಾವಿರ?’ ಎಂದಷ್ಟೇ ಕೇಳುತ್ತೀರಿ. ಎಷ್ಟು ಉದ್ದ ಎಂದು ಕೇಳುವವರನ್ನು ನಾನು ಕಂಡದ್ದು ಅಪರೂಪ.

ಬೇಕೆಂದಾಗ ಮೀನುಮರಿ ಸಿಗುವ ಕಾಲ ಸುಲಭವಾಗಿ ಬಂದದ್ದಲ್ಲ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ದೊಡ್ಡ ನದಿಗಳ ಮೀನುಗಳು. ಮಳೆಗಾಲದ ನೆರೆನೀರಿನಲ್ಲಿ ಮೊಟ್ಟೆ ಇಡುತ್ತವೆ. ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತವೆ, ಆದರೆ ಇಡುವುದಿಲ್ಲ. ಆದ್ದರಿಂದ ಹಿಂದೆ ನದಿಗೆ ಬಲೆಯೊಡ್ಡಿ ಮರಿ ಹಿಡಿದು ತರಬೇಕಾಗಿತ್ತು. ಅದರೊಡನೆ ಬೇಡದ ಮೀನೂ ಕಳೆಯಂತೆ ಸೇರಿ ಬರುತ್ತಿತ್ತು.

1947ರಲ್ಲಿ ಕಲ್ಕತ್ತೆಯಲ್ಲಿ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅದರ ಕಟಕ್ ಶಾಖೆಯ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು 1957ರ ಜುಲೈ 10ರಂದು ಈ ಗಂಟು ಬಿಡಿಸಿದರು. ಬಲಿತ ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ತೆಗೆದು, ಅರೆದು, ಅದರ ರಸವನ್ನು ತಾಯಿಮೀನಿಗೆ ಚುಚ್ಚಿದರು. ಕೊಳದ ಮೀನು ಮೊಟ್ಟೆ ಇಟ್ಟಿತು! ಆ ದಿನವೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ. ಭುವನೇಶ್ವರದ ಬಳಿ ಕೌಸಲ್ಯಾಗಂಗಾದಲ್ಲಿದ್ದ ಸಿಹಿನೀರು ಮೀನು ಕೃಷಿಯ ಕೇಂದ್ರ 1987ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯಾಯಿತು. ಅದರ ಪ್ರಾದೇಶಿಕ ಕೇಂದ್ರ ನಮ್ಮ ಹೆಸರಘಟ್ಟದಲ್ಲೇ ಇದೆ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಆದರೂ ತಿರುಪತಿಗೆ ಹೋದಷ್ಟು ಮಂದಿ ಅಲ್ಲಿಗೆ ಹೋಗಿಲ್ಲ.

ವಿಜ್ಞಾನಿಗಳು ಮರಿ ಹುಟ್ಟಿಸಿ ಕೊಟ್ಟರು. ಅದನ್ನು ಬಲಿಸುವ ಕೆಲಸದಲ್ಲಿ ನಾವು ಸೋಲುತ್ತಿದ್ದೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಎಡವಿದೆ. ಬಿ.ಎಸ್ಸಿ.ಯಲ್ಲಿ ರಾಗಿ, ಮಣ್ಣು, ಗೊಬ್ಬರ ಓದಿದವನು. ಮೀನು ತಿಳಿದದ್ದು ಕಡಿಮೆ. ಅಗ್ಗಕ್ಕೆ ಸಿಕ್ಕವೆಂದು ಉಗುರುದ್ದದ ಮರಿಗಳನ್ನು ಒಂದೂರಿನ ಕೆರೆಗೆ ಬಿಡಿಸಿದೆ. ಬೇಸಿಗೆಯಲ್ಲಿ ಬಲೆ ಎಳೆದರೆ ಕೊಬ್ಬಿದ ಕೊರವ ಮೀನು ಬಂತು, ಕಾಟ್ಲಾ ಬರಲಿಲ್ಲ. ಅದು ಊರವರು ಚಂದಾ ಎತ್ತಿದ ಹಣ. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ನಮ್ಮ ಕೆರೆಗಳಲ್ಲಿ ನೀರು ನಿಲ್ಲುವುದು ಕೆಲವೇ ತಿಂಗಳು. ಉಗುರುದ್ದದ ಮರಿ ಬೆರಳುದ್ದವಾಗುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತದೆ, ಅದೂ ಕೊರವದ ಬಾಯಿಂದ ಉಳಿದರೆ. ಬಲಿತ ಮರಿಗೆ ಬೆಲೆ ಹೆಚ್ಚು, ನಿಜ. ಆದರೂ ಅದೇ ಹಣಕ್ಕೆ ಕಡಿಮೆ ಸಂಖ್ಯೆಯ ಬಲಿತ ಮರಿ ಕೊಳ್ಳುವುದೇ ಲಾಭವೆಂದು ನನ್ನ ಖಚಿತ ಅಭಿಪ್ರಾಯ. ಸಣ್ಣ ಮರಿಯೇ ಸಿಕ್ಕಿದರೆ, ಬೇರೆ ಮೀನಿಲ್ಲದ ಚಿಕ್ಕ ಹೊಂಡದಲ್ಲಿ ಸಾಕಿ, ನಾಲ್ಕು ಅಂಗುಲವಾದ ಮೇಲೆ ಕೆರೆಗೆ ಬಿಡಿ. ಪಂಚಾಯಿತಿಯಿಂದ ಬಿಡಿಸುವ ಮರಿಯಾದರೂ ಅಷ್ಟೇ: ಚೀಲ ಬಿಚ್ಚುವ ಮುನ್ನ ಒಂದು ಅಳತೆಕಡ್ಡಿ ಹಿಡಿದು ನಿಲ್ಲಿ. ಬಿಡುವುದು ತಂಪು ಹೊತ್ತಿನಲ್ಲಿ, ಚೀಲವನ್ನು ಸ್ವಲ್ಪ ಹೊತ್ತು ಕೆರೆಯ ನೀರಿನ ಮೇಲೆ ತೇಲಬಿಟ್ಟ ನಂತರ.