ಮೂಲದಿಂದ ಕಟ್ಟುವುದೇಕೆ?

ಬಿ.ಎ. ತರಗತಿಯಲ್ಲಿ ಕಂಪ್ಯೂಟರನ್ನೂ ಒಂದಿಷ್ಟು ಕಲಿಯುವ ನಮ್ಮಂಥವರಿಗೆ ಹಿತೈಷಿಗಳು ಆಗಾಗ ಹೇಳುವ ಬುದ್ಧಿವಾದವೊಂದುಂಟು: "ನಿಮಗೆ ಬೇಕಾದದ್ದು ಬಳಸುವ ತಿಳಿವಳಿಕೆ, ಕಟ್ಟುವ ಗೋಜು ನಿಮಗೇಕೆ?" ಈ ಮಾತನ್ನು ಆಡುವವರ ಮನಸ್ಸಿನಲ್ಲಿ ಕೇಡಿಲ್ಲವೆಂಬುದನ್ನು ನಾನು ಬಲ್ಲೆ. ಕಾಗದ ಪತ್ರ ಟೈಪು ಮಾಡಲು, ಲೆಕ್ಕದ ಪಟ್ಟಿ ಹಾಕಲು ಬಂದರೆ ಎಲ್ಲಿಯಾದರೂ ಒಂದು ನೌಕರಿ ಸಿಕ್ಕೀತೆಂಬ ಕಳಕಳಿ ಅವರದು. ಆದರೂ ಈ ಬುದ್ಧಿವಾದ ತಪ್ಪೆಂದೇ ನನ್ನ ಅಭಿಪ್ರಾಯ. ಕಳೆದ ದಸರಾ ರಜೆಯಲ್ಲಿ ನಾನು ಕೈಹಾಕಿದ ಒಂದು ಕೆಲಸವನ್ನು ಮುಂದಿಟ್ಟುಕೊಂಡು ಆ ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ವಿಚಾರಕ್ಕೆ ಒಪ್ಪಿಸುತ್ತಿದ್ದೇನೆ.

ಯೂನಿಕ್ಸ್ ನೆಲದಲ್ಲಿ ಬೆಳೆದ 'ಎಕ್ಸ್ ವಿಂಡೋ ಸಿಸ್ಟಮ್' ಎಂಬುದನ್ನು ಮೂಲದಿಂದ ಕಂಪೈಲ್ ಮಾಡಿ, ಮೈಕ್ರೋಸಾಫ್ಟ್ ಕಂಪನಿಯ 'ವಿಂಡೋಸ್' ಇರುವ ಯಂತ್ರದಲ್ಲಿ ನಡೆಸುವುದೇ ಆ ಕೆಲಸ. ಹೆಸರುಗಳ ಹೋಲಿಕೆಯಿಂದ ವಾಚಕರು ಗಲಿಬಿಲಿಗೊಳ್ಳಬಾರದು. ವಿಂಡೋಸ್ ಒಂದು ಇಡೀ ಆಪರೇಟಿಂಗ್ ಸಿಸ್ಟಮ್. ಯಂತ್ರದ ಸಮಸ್ತ ವ್ಯವಹಾರವೂ ಅದರ ಕೈಯಲ್ಲಿ. ಎಕ್ಸ್ ಹಾಗಲ್ಲ. ಪರದೆಯ ಮೇಲಿನ ಚೌಕಗಳನ್ನು ಬರೆಯುವುದು, ಕೀಲಿಮಣೆ ಮತ್ತು ಮೌಸಿನ ಸುದ್ದಿಯನ್ನು ಆಯಾ ಪ್ರೋಗ್ರಾಮಿಗೆ ಮುಟ್ಟಿಸುವುದು, ಇಷ್ಟೇ ಅದರ ಕಾಯಕ. ಅದರಲ್ಲಿ ಎರಡು ಪಾಲು. ಪರದೆ, ಕೀಲಿಮಣೆ, ಮೌಸುಗಳ ಯಜಮಾನಿಕೆ ಹೊತ್ತದ್ದು 'ಸರ್ವರ್'. ಅದರ ಬಳಿಗೆ ಬಂದು "ಇಲ್ಲೊಂದು ಗೆರೆ ಎಳೆ, ಅಲ್ಲೊಂದು ಅಕ್ಷರ ಬರೆ" ಎಂದು ಕೇಳಿಕೊಳ್ಳುವ ಪ್ರೋಗ್ರಾಮು 'ಕ್ಲೈಂಟ್'. ಇವೆರಡೂ ಒಂದೇ ಯಂತ್ರದಲ್ಲಿ ಇರಬೇಕೆಂಬ ನಿಯಮವಿಲ್ಲ. ಜಾಲದ ಮೂಲಕ ದೂರದಿಂದಲೂ ಮಾತನಾಡಬಹುದು. ಆ ಮಾತಿನ ಕಟ್ಟಳೆಗೆ ಪ್ರೋಟೋಕಾಲ್ ಎಂದು ಹೆಸರು.

ಇನ್ನು ಕಂಪೈಲ್ ಮಾಡುವುದೆಂದರೇನು? ಮನುಷ್ಯನು ಓದಿ ತಿದ್ದಬಹುದಾದ ಭಾಷೆಯಲ್ಲಿ ಬರೆದದ್ದು ಮೂಲ. ಯಂತ್ರವು ಮಾತ್ರ ನಡೆಸಬಲ್ಲ ಅಂಕಿಗಳ ರೂಪ ಸಿದ್ಧವಸ್ತು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ಕಂಪೈಲ್ ಮಾಡುವುದು. ಸಾಮಾನ್ಯವಾಗಿ ನಮ್ಮ ಕೈಗೆ ಬರುವುದು ಸಿದ್ಧವಸ್ತು ಮಾತ್ರ. ಮೂಲವನ್ನು ನಾವು ನೋಡುವುದೇ ಇಲ್ಲ.

ಎಕ್ಸ್‌ನ ಹುಟ್ಟು ೧೯೮೪ರಲ್ಲಿ, ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ, ಅದನ್ನು ಆರಂಭಿಸಿದವರು ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್. ಅಲ್ಲಿ ಆಗ ಅಥೀನಾ ಎಂಬ ಯೋಜನೆ ನಡೆದಿತ್ತು. ವಿದ್ಯಾರ್ಥಿಗಳಿಗಾಗಿ ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದೇ ಜಾಲದಲ್ಲಿ ಹೆಣೆಯುವುದು ಅದರ ಉದ್ದೇಶ. ಆದ್ದರಿಂದ ಯಾವ ಒಂದು ಯಂತ್ರಕ್ಕೂ ಕಟ್ಟುಬೀಳದ ವ್ಯವಸ್ಥೆಯೇ ಬೇಕಾಗಿತ್ತು. ಸ್ವಾರಸ್ಯವೇನೆಂದರೆ, ಎಕ್ಸ್‌ನ ಹುಟ್ಟಿಗೇ ಒಂದು ವಲಸೆ ಕಾರಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 'ವಿ' ಎಂಬ ಆಪರೇಟಿಂಗ್ ಸಿಸ್ಟಮಿಗಾಗಿ 'ಡಬ್ಲ್ಯು' ಎಂಬ ವಿಂಡೋ ವ್ಯವಸ್ಥೆಯನ್ನು ಬರೆದಿದ್ದರು. ಅದನ್ನು ಯೂನಿಕ್ಸಿಗೆ ತಂದರು. ಶೈಫ್ಲರ್ ಅದನ್ನು ತಿದ್ದಿ ಹೊಸದಾಗಿ ಕಟ್ಟಿದಾಗ, ಇಂಗ್ಲಿಷ್ ವರ್ಣಮಾಲೆಯಲ್ಲಿ ಡಬ್ಲ್ಯುವಿನ ಮುಂದಿನ ಅಕ್ಷರವೇ ಅದರ ಹೆಸರಾಯಿತು. ಯೂನಿಕ್ಸಿನ ಸ್ವಂತ ಮಗುವೆಂದು ನಾವು ತಿಳಿದದ್ದು ಕೂಡ ಬೇರೆ ನೆಲದಿಂದ ಬಂದ ಬೀಜವೇ. ೧೯೮೭ರ ಸೆಪ್ಟೆಂಬರಿನಲ್ಲಿ ಅದರ ಹನ್ನೊಂದನೆಯ ಆವೃತ್ತಿ ಹೊರಬಂದಿತು. ಪ್ರೋಟೋಕಾಲಿನ ಆವೃತ್ತಿ ಇಂದಿಗೂ ಹನ್ನೊಂದೇ ಆಗಿದೆ.

ಆಮೇಲೆ ಅದು ಹೋದ ಊರುಗಳು ಹಲವು. ಡಿಜಿಟಲ್ ಕಂಪನಿಯ ವಿ.ಎಂ.ಎಸ್. ಯಂತ್ರಗಳಿಗೆ ಹೋಯಿತು, ಐ.ಬಿ.ಎಂ.ನ ಓ.ಎಸ್.೨ಕ್ಕೆ ಹೋಯಿತು. ೧೯೯೯ರಲ್ಲಿ, 'ಡೂಮ್', 'ಕ್ವೇಕ್' ಆಟಗಳಿಂದ ಹೆಸರಾದ ಜಾನ್ ಕಾರ್ಮ್ಯಾಕ್ ಅದನ್ನು ಆಪಲ್ ಕಂಪನಿಯ ಮ್ಯಾಕ್ ಓ.ಎಸ್. ಎಕ್ಸ್ ಸರ್ವರಿಗೆ ಒಯ್ದರು. ವಿಂಡೋಸಿಗೆ ಬಂದದ್ದು 'ಸಿಗ್‌ವಿನ್' ಎಂಬ ದುಭಾಷಿಯ ಮೂಲಕ. ಸಿಗ್ನಸ್ ಸಲ್ಯೂಷನ್ಸ್ ಎಂಬ ಸಂಸ್ಥೆಯಲ್ಲಿ ೧೯೯೫ರಲ್ಲಿ ಆರಂಭವಾದ ಸಿಗ್‌ವಿನ್, ಒಂದು ಕಡೆ ಯೂನಿಕ್ಸಿನ ಮಾತನ್ನು ಕೇಳಿ ಇನ್ನೊಂದು ಕಡೆ ವಿಂಡೋಸಿನ ಮಾತಿನಲ್ಲಿ ಕೆಲಸ ಮಾಡಿಸುತ್ತದೆ.

ಇಷ್ಟು ಕಡೆಗೆ ಹೋಗಲು ಸಾಧ್ಯವಾದದ್ದು ಹೇಗೆ? ಇದು ಮೂಲವನ್ನು ಬಿಚ್ಚಿ ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ಸರ್ವರಿನ ಮೂಲದಲ್ಲಿ ಯಾವ ಯಂತ್ರವಾದರೂ ಬದಲಾಗದ ಭಾಗಕ್ಕೆ ಒಂದು ಕೋಣೆ, ಆಪರೇಟಿಂಗ್ ಸಿಸ್ಟಮಿನೊಡನೆ ವ್ಯವಹರಿಸುವ ಭಾಗಕ್ಕೆ ಇನ್ನೊಂದು, ಯಂತ್ರಾಂಶವನ್ನು ಮುಟ್ಟುವ ಭಾಗಕ್ಕೆ ಮತ್ತೊಂದು ಕೋಣೆ ಎಂದು ಬರೆದವರು ಮೊದಲೇ ಬೇರ್ಪಡಿಸಿಟ್ಟಿದ್ದಾರೆ. ವಿಂಡೋಸಿನ ವಿಚಾರವೆಲ್ಲ ಬಹುಮಟ್ಟಿಗೆ ಈ ಕೊನೆಯ ಕೋಣೆಯ ಒಂದು ಮೂಲೆಯಲ್ಲಿದೆ. ಮ್ಯಾಕಿನದು ಇನ್ನೊಂದು ಮೂಲೆಯಲ್ಲಿದೆ. ಅಷ್ಟೇ ಅಲ್ಲ, ಸರ್ವರನ್ನು ಬೇರೆ ಯಂತ್ರಕ್ಕೆ ಒಯ್ಯುವ ಬಗೆಯನ್ನು ವಿವರಿಸುವ ಪ್ರತ್ಯೇಕ ಬರಹವನ್ನೇ ಹನ್ನೊಂದನೆಯ ಆವೃತ್ತಿಯ ಕಾಲದಲ್ಲಿ ಬರೆದುಕೊಟ್ಟರು. ಮುಂದೆ ಯಾರೋ ಅಪರಿಚಿತನು ಬಂದು ಇದನ್ನು ತನ್ನ ನೆಲದಲ್ಲಿ ಕಟ್ಟಿಕೊಂಡಾನೆಂದು ಎಣಿಸಿ, ಅವನಿಗಾಗಿ ದಾರಿ ಬರೆದಿಟ್ಟರು. ಮೂಲವನ್ನು ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದೆಂಬ ಉದಾರವಾದ ಪರವಾನಗಿಯೂ ಅದರೊಡನೆ ಇತ್ತು. ಆ ಅಪರಿಚಿತರ ಸಾಲಿನಲ್ಲಿ ನಾನೂ ಒಬ್ಬನೆಂದು ತಿಳಿದಾಗ ನನಗಾದ ಸಂತೋಷವನ್ನು ಹೇಳಲಾರೆ.

ಸಂತೋಷ ಬಂದದ್ದು ಕಷ್ಟವಾದ ಮೇಲೆ. ನಮ್ಮ ಮನೆಯಲ್ಲಿರುವುದು ಎರಡನೆಯ ಕೈಯ ಒಂದು ಲ್ಯಾಪ್‌ಟಾಪು. ಮೊದಲ ದಿನವೇ ಒಂದು ಕಡತವನ್ನು ತೆರೆದು, ಏನನ್ನೋ ತಿದ್ದಿ ಉಳಿಸಿದೆ. ಅಲ್ಲಿಂದ ಮುಂದೆ ಯಾವುದೂ ನಡೆಯದು. ಯೂನಿಕ್ಸಿನಲ್ಲಿ ಸಾಲಿನ ಕೊನೆಗೆ ಒಂದೇ ಗುರುತು. ವಿಂಡೋಸಿನ ರೂಢಿಯಲ್ಲಿ ಎರಡು. ಕಣ್ಣಿಗೆ ಕಾಣದ ಆ ಹೆಚ್ಚಿನ ಗುರುತನ್ನು ನನ್ನ ಕಡತವು ಸಾಲುಸಾಲಿಗೂ ಹೊತ್ತುಕೊಂಡಿತ್ತು. ಇದನ್ನು ಕಂಡುಹಿಡಿಯಲು ಒಂದೂವರೆ ದಿನ ಹಿಡಿಯಿತು.

ಬಳಿಕ ನಿಧಾನದ ಕಾಟ. ಯೂನಿಕ್ಸಿನಲ್ಲಿ ಒಂದು ಪ್ರೋಗ್ರಾಮು ತನ್ನ ಪ್ರತಿರೂಪವನ್ನು ತಾನೇ ಹುಟ್ಟಿಸಬಲ್ಲದು. ಅದಕ್ಕೆ ಫೋರ್ಕ್ ಎನ್ನುತ್ತಾರೆ. ವಿಂಡೋಸಿನಲ್ಲಿ ಪ್ರೋಗ್ರಾಮುಗಳಿಗೆ ಅಂಥ ಸೌಲಭ್ಯವಿಲ್ಲ. ಆದ್ದರಿಂದ ಸಿಗ್‌ವಿನ್ ಹೊಸದೊಂದು ಪ್ರಕ್ರಿಯೆಯನ್ನು ಆರಂಭಿಸಿ, ಹಳೆಯದರ ಸ್ಮೃತಿಯನ್ನೆಲ್ಲ ಅದಕ್ಕೆ ನಕಲು ಮಾಡಬೇಕು. ಕಂಪೈಲ್ ಮಾಡುವ ಮೊದಲು ನಡೆಯುವ ಪರೀಕ್ಷೆಗಳಲ್ಲಿ ಇಂಥ ಹುಟ್ಟುಗಳು ನೂರಾರು. ಯೂನಿಕ್ಸ್ ಯಂತ್ರದಲ್ಲಿ ಬೇಗನೆ ಮುಗಿಯುವ ಕೆಲಸಕ್ಕೆ ಇಲ್ಲಿ ಊಟ ಮಾಡಿ ಬಂದರೂ ಬಿಡುವಿಲ್ಲ.

ಮೂರನೆಯದು ಹೆಸರಿನ ಜಗಳ. ಅರ್ಥವಾಗಲೆಂದು ನಾನೇ ಒಂದು ಪುಟ್ಟ ಪ್ರೋಗ್ರಾಮು ಬರೆದು, ಎಕ್ಸ್‌ನ ಘೋಷಣೆಗಳನ್ನೂ ವಿಂಡೋಸಿನ ಘೋಷಣೆಗಳನ್ನೂ ಒಟ್ಟಿಗೆ ಸೇರಿಸಿದೆ. ಪರದೆಯ ತುಂಬ ತಪ್ಪುಗಳು ಸುರಿದವು. ಎರಡು ಕಡೆಯೂ 'ಬೂಲ್' ಎಂಬ ಹೆಸರಿದೆ. ಎಕ್ಸ್‌ನಲ್ಲಿ ಅದಕ್ಕೆ ಒಂದು ಬೈಟು, ವಿಂಡೋಸಿನಲ್ಲಿ ನಾಲ್ಕು. 'ಸ್ಟೇಟಸ್' ಎಂಬ ಹೆಸರಿಗೂ ಇದೇ ಗತಿ. ಒಂದೇ ತರಗತಿಯಲ್ಲಿ ಇಬ್ಬರು ಬಸವರಾಜರಿದ್ದರೆ ಹಾಜರಿ ಕರೆಯುವಾಗ ಆಗುವ ಪಜೀತಿಯೇ ಇದು. ಎಕ್ಸ್‌ನ ಮೂಲದಲ್ಲಿ ಹುಡುಕಿದಾಗ, ಈ ಜಗಳವನ್ನು ಬಿಡಿಸುವುದಕ್ಕಾಗಿಯೇ ಬರೆದ ಒಂದು ಸಣ್ಣ ಕಡತ ಸಿಕ್ಕಿತು. ವಿಂಡೋಸಿನ ಘೋಷಣೆಗಳು ಒಳಗೆ ಬರುವಾಗ ಆ ಹೆಸರುಗಳಿಗೆ ತಾತ್ಕಾಲಿಕವಾಗಿ ಬೇರೆ ಹೆಸರಿಟ್ಟು, ಬಂದ ಮೇಲೆ ಆ ಏರ್ಪಾಡನ್ನು ತೆಗೆದುಹಾಕುವುದೇ ಅದರ ಕೆಲಸ. ನನಗಿಂತ ಮೊದಲು ಅಲ್ಲಿ ಎಡವಿದವನೊಬ್ಬನು ಹಿಂದೆ ಬರುವವರಿಗಾಗಿ ಕಲ್ಲನ್ನು ಪಕ್ಕಕ್ಕೆ ಸರಿಸಿಟ್ಟು ಹೋಗಿದ್ದನು.

ಒಂಬತ್ತನೆಯ ದಿನ ಸಂಜೆ ಸರ್ವರ್ ಎದ್ದಿತು. ಎಕ್ಸ್‌ನ ಗಡಿಯಾರವೆಂಬ ಪುಟ್ಟ ಪ್ರೋಗ್ರಾಮನ್ನು ನಡೆಸಿದೆ. ವಿಂಡೋಸಿನ ಪರದೆಯ ಮೇಲೆ ಮುಳ್ಳಿನ ಗಡಿಯಾರ ಮೂಡಿತು. ನಮ್ಮ ಅಪ್ಪ ಬಡಗಿ. ನಾಲ್ಕನೆಯ ತರಗತಿಯವರೆಗೆ ಓದಿದವರು. ಕೆಲಸದಿಂದ ಬಂದವರು ನೋಡಿ, "ಗಡಿಯಾರ ಗೋಡೆ ಮ್ಯಾಲೇ ಐತಲ್ಲೋ, ಇದಕ್ಕೆ ಒಂಬತ್ತು ದಿನಾನ?" ಎಂದರು. ನಾನು ಆದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇ ಬಾಗಿಲುವಾಡಾನ ಹೊಸ ಮನೆಗೆ ಕೂರಿಸೋ ಕೆಲಸ ಇದು. ಮರ ಕೆತ್ತಬಾರದು, ಗೋಡೇನೂ ಒಡೀಬಾರದು. ಸಂದಿಗೆ ಪಟ್ಟಿ ಕೊಡಬೇಕು. ಪಟ್ಟಿ ಎಷ್ಟು ಅಂತ ಅಳತೆ ಮಾಡೋದೇ ಕೆಲಸ ಕಣಪ್ಪ" ಎಂದರು. ಸಿಗ್‌ವಿನ್ ಎಂದರೆ ಏನೆಂದು ಅದಕ್ಕಿಂತ ಚೆನ್ನಾಗಿ ನಾನು ಎಲ್ಲಿಯೂ ಓದಿಲ್ಲ.

ಇಲ್ಲಿ ಆಕ್ಷೇಪಗಳು ಬರುವುದು ಸಹಜ. ಸಿದ್ಧವಾದ ಎಕ್ಸ್ ಸರ್ವರನ್ನು ಸಿಗ್‌ವಿನ್‌ನವರೇ ಕೊಡುತ್ತಾರಲ್ಲ, ಶ್ರಮವೇಕೆ ಎನ್ನಬಹುದು. ವಿಂಡೋಸ್ ೧೧ ಬಂದ ೨೦೨೧ರಿಂದ ಲಿನಕ್ಸಿನ ಚಿತ್ರಮಯ ಪ್ರೋಗ್ರಾಮುಗಳನ್ನು ವಿಂಡೋಸಿನಲ್ಲಿ ನಡೆಸುವ ಏರ್ಪಾಡನ್ನು ಮೈಕ್ರೋಸಾಫ್ಟೇ ಮಾಡಿದೆ ಎನ್ನಬಹುದು. ಎಕ್ಸ್‌ಗೇ ವಯಸ್ಸಾಯಿತು, ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್ ಅದರ ಸ್ಥಾನಕ್ಕೆ ಬರುತ್ತಿದೆ ಎಂದೂ ಹೇಳಬಹುದು. ಇವೆಲ್ಲವೂ ನಿಜ. ಗಡಿಯಾರವೊಂದೇ ಬೇಕಾಗಿದ್ದರೆ ನನ್ನ ಒಂಬತ್ತು ದಿನ ದಂಡವೇ ಸರಿ. ಆ ದಿನಗಳ ಸಾಲವನ್ನು ರಜೆಯ ನಂತರದ ಕಿರುಪರೀಕ್ಷೆಯಲ್ಲಿ ಅಂಕಗಳ ರೂಪದಲ್ಲಿ ತೀರಿಸಿಯೂ ಆಯಿತು.

ಆದರೆ ಕನ್ನಡ ಮತ್ತು ಚರಿತ್ರೆಯ ತರಗತಿಗಳಲ್ಲಿ ನಮ್ಮ ಅಧ್ಯಾಪಕರು ಏನು ಹೇಳುತ್ತಾರೆ? ಗೈಡುಗಳನ್ನು ನಂಬಬೇಡಿ, ಮೂಲವನ್ನು ಓದಿ ಎನ್ನುತ್ತಾರೆ. ಗೈಡಿನಲ್ಲಿಯೂ ಕಥಾಸಾರವಿದೆ, ಪರೀಕ್ಷೆಗೆ ಸಾಲುವಷ್ಟು ಉತ್ತರವಿದೆ. ಆದರೂ ಅದನ್ನು ಓದಿದವನನ್ನು ಕಾವ್ಯ ಬಲ್ಲವನೆಂದು ಯಾರೂ ಒಪ್ಪುವುದಿಲ್ಲ. ಹಳಗನ್ನಡದ ಪದ್ಯವೊಂದು ಎಷ್ಟೇ ಹಳೆಯದಾದರೂ ಅದರ ಪಾಠಾಂತರಗಳನ್ನು ನಮ್ಮಿಂದ ಹೋಲಿಸಿ ನೋಡಿಸುತ್ತಾರೆ. ಅದೇ ನ್ಯಾಯವನ್ನು ಕಂಪ್ಯೂಟರಿಗೆ ಏಕೆ ಅನ್ವಯಿಸಬಾರದು? ಸಿದ್ಧವಸ್ತುವು ನಡೆಯುವವರೆಗೆ ನಡೆಯುತ್ತದೆ; ನಿಂತರೆ ಅದರ ಮುಂದೆ ನಾವು ಕೈಕಟ್ಟಿ ನಿಲ್ಲಬೇಕು. ಮೂಲದಿಂದ ಒಮ್ಮೆ ಕಟ್ಟಿದವನು ಎಲ್ಲಿ ನಿಂತಿತೆಂದು ಕೇಳುವುದನ್ನಾದರೂ ಕಲಿತಿರುತ್ತಾನೆ.

ನನ್ನಂಥವರಿಗೆ ಇದು ಇನ್ನೂ ಮುಖ್ಯ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದುತ್ತಿರುವವನು ನಾನೇ ಮೊದಲಿಗ. ಓದಿನ ಲೋಕದಲ್ಲಿ ಎಲ್ಲವೂ ಯಾರೋ ಕಟ್ಟಿಟ್ಟದ್ದು, ನಮ್ಮ ಪಾಲಿಗೆ ಬಳಸುವುದಷ್ಟೇ ಎಂಬ ಭಾವನೆ ನಮ್ಮಂಥವರಲ್ಲಿ ಸುಲಭವಾಗಿ ಬೇರೂರುತ್ತದೆ. ತಪ್ಪು ಬಂದರೆ ಅದು ನಮ್ಮ ಬುದ್ಧಿಯ ಕೊರತೆಯೆಂದು ತಲೆ ತಗ್ಗಿಸುತ್ತೇವೆ. ಆ ಒಂಬತ್ತು ದಿನಗಳಲ್ಲಿ ಬಂದ ತಪ್ಪುಗಳಲ್ಲಿ ಹೆಚ್ಚಿನವು ನನ್ನ ದಡ್ಡತನದಿಂದ ಬಂದವಲ್ಲ. ಒಂದು ನೆಲದ ರೂಢಿಗಳನ್ನು ಇನ್ನೊಂದು ನೆಲ ಅರಿಯದಿದ್ದುದರಿಂದ ಬಂದವು. ಅಳತೆ ಸಿಕ್ಕಿದೊಡನೆ ಸರಿಹೋದವು. ಈ ತಿಳಿವಳಿಕೆ ಯಾವ ಸಿದ್ಧವಸ್ತುವಿನಿಂದಲೂ ನನಗೆ ಬರುತ್ತಿರಲಿಲ್ಲ.

ಆದುದರಿಂದ ನನ್ನ ವಿನಂತಿ ಎರಡು. ನಮ್ಮ ಪ್ರಯೋಗಶಾಲೆಯ ಯಂತ್ರಗಳಲ್ಲಿ ಹೊಸದೇನನ್ನೂ ಹಾಕಬಾರದೆಂಬ ನಿಯಮವಿದೆ. ಯಂತ್ರಗಳು ಕೆಡಬಾರದೆಂಬ ಕಾರಣ ಯುಕ್ತವೇ. ಆದರೆ ಒಂದು ಹಳೆಯ ಯಂತ್ರವನ್ನಾದರೂ ಜಾಲದಿಂದ ಬೇರ್ಪಡಿಸಿ, ಕೆಟ್ಟರೆ ಕೆಡಲಿ ಎಂದು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಬೇಕು. ಎರಡನೆಯದಾಗಿ, ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸಣ್ಣ ಪ್ರೋಗ್ರಾಮನ್ನು ಮೂಲದಿಂದ ಕಟ್ಟಿ, ಬಂದ ತಪ್ಪುಗಳನ್ನೂ ಬಿಡಿಸಿದ ಬಗೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು ಪ್ರಯೋಗಶಾಲೆಯಲ್ಲಿ ಇಡಬೇಕು. ಅದು ಎಕ್ಸ್‌ನಷ್ಟು ದೊಡ್ಡದಾಗಿರಬೇಕಾಗಿಲ್ಲ.

ನಾನು ಈ ವರ್ಷ ಕಾಲೇಜು ಬಿಡುವವನು. ನನ್ನ ಒಂಬತ್ತು ದಿನಗಳ ಟಿಪ್ಪಣಿ ನಲವತ್ತು ಪುಟವಾಗಿದೆ. ಪ್ರಾಚಾರ್ಯರು ಅನುಮತಿ ಕೊಟ್ಟರೆ ಆ ನೋಟುಪುಸ್ತಕವನ್ನು ಪ್ರಯೋಗಶಾಲೆಯ ಬೀರುವಿನಲ್ಲಿ ಬಿಟ್ಟುಹೋಗುತ್ತೇನೆ. ಮುಂದಿನ ವರ್ಷ ಸಾಲಿನ ಕೊನೆಯ ಕಾಣದ ಗುರುತಿಗೆ ಎಡವುವ ತಮ್ಮನಿಗೋ ತಂಗಿಗೋ ಒಂದೂವರೆ ದಿನವಾದರೂ ಉಳಿದೀತು.

— ಅಂತಿಮ ಬಿ.ಎ. ವಿದ್ಯಾರ್ಥಿ